ಕಾಟ್‌ಮನ್ ಪಾಕೆಟ್ ಬಾಕ್ಸ್: ಮೋಡದ ದಿನದ ಬೂದು ಇದರಲ್ಲಿ ಸಿಗುತ್ತದೆಯೇ?

ಅಂಗೈ ಮೇಲೆ ಕೂರುವ ಬಿಳಿ ಪ್ಲಾಸ್ಟಿಕ್ ಪೆಟ್ಟಿಗೆ, ಒಳಗೆ ಹನ್ನೆರಡು ಹಾಫ್ ಪ್ಯಾನ್ (ಪುಟ್ಟ ತಟ್ಟೆಯಲ್ಲಿ ಒಣಗಿಸಿಟ್ಟ ಬಣ್ಣದ ಬಿಲ್ಲೆ) ಜಲವರ್ಣ, ಜೊತೆಗೊಂದು ಪುಟ್ಟ ಕುಂಚ. ವಿನ್ಸರ್ ಅಂಡ್ ನ್ಯೂಟನ್‌ನವರ ಕಾಟ್‌ಮನ್ ಸ್ಕೆಚರ್ಸ್ ಪಾಕೆಟ್ ಬಾಕ್ಸ್ ಅಂದರೆ ಇಷ್ಟೇ. ಹೊರಗೆ ಕೂತು ಚಿತ್ರ ಮಾಡುವವರ ಚೀಲದಲ್ಲಿ ಇದು ಮತ್ತೆ ಮತ್ತೆ ಕಾಣಿಸುತ್ತದೆ. ಬಿಸಿಲಿನ ದಿನ ಇದರ ಬಗ್ಗೆ ದೂರು ಹೇಳುವುದು ಕಷ್ಟ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಕಲೇಶಪುರ, ಆಗುಂಬೆ, ಕೆಮ್ಮಣ್ಣುಗುಂಡಿ ಕಡೆ ಕೂರುವವರಿಗೆ ಬೇಕಾದದ್ದು ಬೇರೆ. ನೀಲಿ ಆಕಾಶವೂ ಇಲ್ಲ, ಚೂಪು ನೆರಳೂ ಇಲ್ಲ. ಇರುವುದೆಲ್ಲ ಬೂದು, ಒದ್ದೆ ಹಸಿರು, ಕಪ್ಪಾದ ಮರದ ಕಾಂಡ. ಆ ಕೆಲಸಕ್ಕೆ ಈ ಪೆಟ್ಟಿಗೆ ಹೇಗೆ ಅನ್ನುವುದಷ್ಟೇ ಇಲ್ಲಿನ ಮಾತು.

ತೀರ್ಪು ಮೊದಲೇ ಹೇಳಿಬಿಡೋಣ. ಬೂದು ಬಣ್ಣಗಳಿಗೆ ಬೇಕಾದ ಸಾಮಗ್ರಿ ಇದರಲ್ಲಿದೆ, ಅವನ್ನು ಕಲಸಲು ಜಾಗ ಇಲ್ಲ. ಎರಡು ಪ್ಯಾನ್ ಬದಲಾಯಿಸಿ, ಎರಡು ಚಟ್ನಿ ಬಟ್ಟಲು ಜೊತೆಗಿಟ್ಟುಕೊಂಡು, ಒಳಗಿನ ಕುಂಚವನ್ನು ಸಹಿ ಹಾಕಲು ಮೀಸಲಿಟ್ಟರೆ ಇದು ಒಳ್ಳೆಯ ಮಳೆಗಾಲದ ಪೆಟ್ಟಿಗೆ.

ಹನ್ನೆರಡು ಬಣ್ಣಗಳಲ್ಲಿ ಹಳದಿ ಎರಡು: ಲೆಮನ್ ಯೆಲ್ಲೋ ಹ್ಯೂ ಮತ್ತು ಒಂದು ಕ್ಯಾಡ್ಮಿಯಂ ಹಳದಿ ಹ್ಯೂ. ಕೆಂಪಿನಲ್ಲಿ ಒಂದು ಕ್ಯಾಡ್ಮಿಯಂ ಹ್ಯೂ, ಒಂದು ಅಲಿಜರಿನ್ ಕ್ರಿಮ್ಸನ್. ನೀಲಿಯಲ್ಲಿ ಅಲ್ಟ್ರಾಮರೀನ್, ಕೋಬಾಲ್ಟ್ ಬ್ಲೂ ಹ್ಯೂ. ಹಸಿರಿಗೆ ವಿರಿಡಿಯನ್ ಹ್ಯೂ, ಸ್ಯಾಪ್ ಗ್ರೀನ್. ಮಣ್ಣಿನ ಬಣ್ಣಗಳು ಯೆಲ್ಲೋ ಓಕರ್, ಬರ್ಂಟ್ ಸಿಯೆನ್ನಾ, ಬರ್ಂಟ್ ಅಂಬರ್. ಕೊನೆಯದು ಚೈನೀಸ್ ವೈಟ್. ಕಪ್ಪು ಇಲ್ಲ. ಕೊರತೆಯ ಹಾಗೆ ಕಂಡರೂ ಇದು ಒಳ್ಳೆಯದೇ. ಡಬ್ಬಿಯಲ್ಲಿ ಕಪ್ಪಿದ್ದರೆ ಮೋಡಕ್ಕೆ ಅದನ್ನೇ ನೀರಲ್ಲಿ ಕದಡಿ ಹಚ್ಚುವ ಆಸೆಯಾಗುತ್ತದೆ, ಆಕಾಶ ಸೀಮೆಎಣ್ಣೆ ಹೊಗೆಯ ಹಾಗಾಗುತ್ತದೆ.

‘ಹ್ಯೂ’ ಎಂಬ ಬಾಲ ಇದ್ದರೆ ಆ ಹೆಸರಿನ ಅಸಲಿ ವರ್ಣದ್ರವ್ಯ ಅಲ್ಲ, ಅದರ ಬಣ್ಣಕ್ಕೆ ಹತ್ತಿರವಾದ ಅಗ್ಗದ ಬದಲಿ ಎಂದರ್ಥ. ವಿದ್ಯಾರ್ಥಿ ದರ್ಜೆಯ ಬಣ್ಣಗಳಲ್ಲಿ ಇದು ಮಾಮೂಲು, ಮೋಸವೇನಲ್ಲ. ಆದರೆ ಕೆಲಸ ಮಾಡುವಾಗ ಗೊತ್ತಿರಬೇಕು. ಅಸಲಿ ವಿರಿಡಿಯನ್ ಸೌಮ್ಯ, ಒಣಗಿದ ಮೇಲೂ ಒದ್ದೆ ಕುಂಚದಿಂದ ಎತ್ತಬಹುದು. ಇಲ್ಲಿರುವುದು ಥ್ಯಾಲೋ ಹಸಿರು ಎಂಬ ಪ್ರಖರ ಕೃತಕ ವರ್ಣದ್ರವ್ಯ, ಅದರ ಸಂಕೇತ ಪಿಜಿ 7. ಸಾಸಿವೆ ಕಾಳಿನಷ್ಟು ಹೆಚ್ಚಾದರೂ ಇಡೀ ಮಿಶ್ರಣವನ್ನು ನುಂಗಿ ಹಾಕುತ್ತದೆ, ಕಾಗದಕ್ಕೆ ಹಿಡಿದರೆ ಬಿಡುವುದಿಲ್ಲ. ಕುಂಚದ ತುದಿಯಷ್ಟೇ ತಾಗಿಸಿ.

ಈಗ ಬೆಳಕಿನ ವಿಷಯ. ಅದನ್ನು ಬಿಟ್ಟು ಬಣ್ಣದ ಪೆಟ್ಟಿಗೆಯನ್ನು ಅಳೆಯಲಾಗದು. ಮೋಡ ಪೂರ್ತಿ ಕವಿದಾಗ ಆಕಾಶವೆಲ್ಲ ಒಂದೇ ದೀಪ. ಬೆಳಕು ಎಲ್ಲ ದಿಕ್ಕಿನಿಂದ ಇಳಿಯುತ್ತದೆ, ಆದ್ದರಿಂದ ಒಂದು ಬದಿಗೆ ಬೀಳುವ ನೆರಳಿಲ್ಲ. ಕತ್ತಲೆ ಇರುವುದು ವಸ್ತುಗಳ ಅಡಿಯಲ್ಲಿ: ಸೂರಿನ ಕೆಳಗೆ, ಪೊದೆಯ ಬುಡದಲ್ಲಿ, ನಿಲ್ಲಿಸಿದ ಗಾಡಿಯ ತಳದಲ್ಲಿ. ನೆಲಕ್ಕೆ ಇಡೀ ಆಕಾಶ ಕಾಣುತ್ತದೆ, ನೆಟ್ಟಗೆ ನಿಂತ ಗೋಡೆಗೆ ಅರ್ಧ ಆಕಾಶ ಮಾತ್ರ. ಹಾಗಾಗಿ ಸುಣ್ಣ ಬಳಿದ ಬಿಳಿ ಗೋಡೆಯೂ ಹಿಂದಿನ ಆಕಾಶಕ್ಕಿಂತ ಒಂದು ಮೆಟ್ಟಿಲು ಕಪ್ಪಗಿರುತ್ತದೆ. ಗೋಡೆಯನ್ನು ಕಾಗದದ ಬಿಳಿಯಾಗಿಯೇ ಬಿಟ್ಟು ಆಕಾಶಕ್ಕೆ ಗಾಢ ಬೂದು ಹಚ್ಚುವುದು ಹೊಸಬರ ಮೊದಲ ತಪ್ಪು. ಆಕಾಶ ಕಪ್ಪಾದ ಮೇಲೆ ಗುಡ್ಡ ಇನ್ನೂ ಕಪ್ಪಾಗಬೇಕು, ಮರಗಳು ಅದಕ್ಕಿಂತ ಕಪ್ಪಾಗಬೇಕು, ಕೊನೆಗೆ ಮುಂದಿನ ನೆಲಕ್ಕೆ ಹಚ್ಚಲು ಏನೂ ಉಳಿಯುವುದಿಲ್ಲ. ಕಣ್ಣು ಕಿರಿದು ಮಾಡಿ ನೋಡಿ. ಸುರಿಯುವ ಮುಂಚಿನ ಕಾರ್ಮೋಡವನ್ನು ಬಿಟ್ಟರೆ ಆಕಾಶವೇ ಚಿತ್ರದ ಅತಿ ತಿಳಿಯಾದ ಭಾಗ. ಅದರ ನಂತರದ ಸ್ಥಾನ ನಾಟಿ ಗದ್ದೆಯ ನಿಂತ ನೀರಿಗೆ ಮತ್ತು ಒದ್ದೆ ಟಾರು ರಸ್ತೆಗೆ, ಎರಡೂ ಆಕಾಶವನ್ನೇ ಪ್ರತಿಫಲಿಸುವುದರಿಂದ.

ಆ ತಿಳಿ ಬೂದಿಗೆ ಈ ಪೆಟ್ಟಿಗೆಯಲ್ಲಿ ಮೂರು ದಾರಿ ಇವೆ. ಮೊದಲನೆಯದು ಅಲ್ಟ್ರಾಮರೀನ್ ಮೂರು ಪಾಲು, ಬರ್ಂಟ್ ಸಿಯೆನ್ನಾ ಒಂದು ಪಾಲು. ಇದು ತಣ್ಣನೆಯ ಮಳೆ ಬೂದು. ಸಿಯೆನ್ನಾ ಹೆಚ್ಚಿಸುತ್ತ ಹೋದರೆ ಬೆಚ್ಚಗಾಗುತ್ತದೆ, ದಿಗಂತದ ಹತ್ತಿರದ ಮೋಡಕ್ಕೆ ಹೊಂದುತ್ತದೆ. ಅಲ್ಟ್ರಾಮರೀನ್‌ನ ಕಣಗಳು ಕಾಗದದ ಗುಳಿಗಳಲ್ಲಿ ಇಳಿದು ಸಣ್ಣ ಚುಕ್ಕೆಗಳಾಗಿ ನಿಲ್ಲುತ್ತವೆ. ತೇವದ ಗಾಳಿಯಲ್ಲಿ ವಾಷ್ (ನೀರಲ್ಲಿ ಕಲಸಿ ಹರಡುವ ತೆಳು ಬಣ್ಣದ ಪದರ) ನಿಧಾನವಾಗಿ ಒಣಗುವುದರಿಂದ ಕಣಗಳಿಗೆ ಇಳಿಯಲು ಸಮಯ ಸಿಗುತ್ತದೆ, ಮೋಡಕ್ಕೆ ತಾನಾಗಿ ಒಂದು ಒರಟುತನ ಬರುತ್ತದೆ. ಮಳೆಗಾಲ ಪುಕ್ಕಟೆ ಕೊಡುವ ಉಪಕಾರ ಇದೊಂದೇ ಇರಬೇಕು. ಎರಡನೆಯದು ವಿರಿಡಿಯನ್ ಹ್ಯೂ ಮತ್ತು ಅಲಿಜರಿನ್. ತೆಳುವಾಗಿದ್ದರೆ ಮುತ್ತಿನ ಬೂದು, ಗಟ್ಟಿಯಾಗಿದ್ದರೆ ಪಾರದರ್ಶಕ ಕಪ್ಪು. ಒದ್ದೆ ಮರದ ಕಾಂಡಕ್ಕೆ ಇದಕ್ಕಿಂತ ಒಳ್ಳೆಯದು ಈ ಪೆಟ್ಟಿಗೆಯಲ್ಲಿಲ್ಲ. ಮೂರನೆಯದು ಕೋಬಾಲ್ಟ್ ಹ್ಯೂ ಜೊತೆ ಸಿಯೆನ್ನಾ, ದೂರದ ಗುಡ್ಡಗಳಿಗೆ. ಆದರೆ ಅಲ್ಲಿ ಸಿಯೆನ್ನಾ ಬದಲು ಲೈಟ್ ರೆಡ್ ಎಂಬ ಇಟ್ಟಿಗೆ ಕೆಂಪು ಇದ್ದರೆ ಬೂದು ಇನ್ನಷ್ಟು ಮೃದು.

ಪ್ಯಾನ್ ಬದಲಾವಣೆಯ ಮಾತು ಬರುವುದು ಇಲ್ಲೇ. ಚೈನೀಸ್ ವೈಟ್ ತೆಗೆದುಹಾಕಿ. ಮಂಜು ತೋರಿಸಲು ಅದನ್ನು ಬೂದಿಗೆ ಬೆರೆಸಿದರೆ ಒಣಗಿದ ಮೇಲೆ ಸೀಮೆಸುಣ್ಣ ಒರೆಸಿದ ಹಾಗೆ ಕಾಣುತ್ತದೆ. ಮಂಜನ್ನು ಹಚ್ಚುವುದಲ್ಲ, ಬಿಡುವುದು: ಗುಡ್ಡದ ಬುಡದಲ್ಲಿ ಬರಿ ನೀರಿನ ಕುಂಚ ಎಳೆದು ಅಂಚನ್ನು ಕರಗಿಸಿದರೆ ಆಯಿತು. ಅದರ ಜಾಗಕ್ಕೆ ಲೈಟ್ ರೆಡ್ ಹಾಕಿ. ಮಂಗಳೂರು ಹೆಂಚಿಗೂ, ಒದ್ದೆ ಜಂಬಿಟ್ಟಿಗೆ ಮಣ್ಣಿಗೂ ಅದೇ ಬೇಕು. ತೆಗೆಯಬೇಕಾದ ಎರಡನೆಯದು ಯೆಲ್ಲೋ ಓಕರ್. ಅದು ಅಪಾರದರ್ಶಕ, ಆಕಾಶದ ತೆಳು ವಾಷ್‌ನಲ್ಲಿ ಕೆಸರಾಗುತ್ತದೆ. ಅದರ ಜಾಗಕ್ಕೆ ರಾ ಸಿಯೆನ್ನಾ, ಅದೇ ಬಣ್ಣದ ಪಾರದರ್ಶಕ ನೆಂಟ. ಲೈಟ್ ರೆಡ್, ರಾ ಸಿಯೆನ್ನಾ ಎರಡೂ ಕಾಟ್‌ಮನ್ ಸಾಲಿನಲ್ಲೇ ಬಿಡಿಯಾಗಿ ಸಿಗುತ್ತವೆ.

ಪ್ಯಾನ್ ಸಿಗದ ಊರಿನಲ್ಲಿ ಟ್ಯೂಬಿನಿಂದ ತುಂಬಿಸಿಕೊಳ್ಳಬಹುದು, ಕ್ಯಾಮೆಲ್‌ನ ಆರ್ಟಿಸ್ಟ್ ಟ್ಯೂಬ್ ಆದರೂ ನಡೆಯುತ್ತದೆ. ಹಾಫ್ ಪ್ಯಾನ್‌ಗೆ ಸುಮಾರು 2 ಮಿಲಿ ಹಿಡಿಯುತ್ತದೆ, ಅಂದರೆ 8 ಮಿಲಿ ಟ್ಯೂಬ್‌ನಲ್ಲಿ ನಾಲ್ಕು ಸಲ ತುಂಬಿಸಬಹುದು. ಒಂದೇ ಸಲ ಅಂಚಿನವರೆಗೆ ತುಂಬಬೇಡಿ. ಮೇಲ್ಪದರ ಒಣಗಿ ಒಳಗೆ ಹಸಿ ಉಳಿಯುತ್ತದೆ, ಆಮೇಲೆ ಬಿರಿದು ಗಟ್ಟಿಯಾಗಿ ಕಳಚಿ ಬೀಳುತ್ತದೆ. ಮೂರು ಪದರವಾಗಿ, ಒಂದೊಂದೂ ಒಣಗಿದ ಮೇಲೆ ಮುಂದಿನದು. ಬೇಸಿಗೆಯಲ್ಲಿ ಪದರಕ್ಕೆ ಎರಡು ದಿನ ಸಾಕು, ಜುಲೈನಲ್ಲಿ ವಾರ ಕಳೆದರೂ ಅಂಟಂಟು. ಮೇ ತಿಂಗಳಲ್ಲೇ ತುಂಬಿಸಿಟ್ಟುಕೊಳ್ಳುವುದು ಜಾಣತನ, ಉಪ್ಪಿನಕಾಯಿ ಹಾಕಿಟ್ಟುಕೊಂಡ ಹಾಗೆ.

ಹಸಿರಿನ ಬಗ್ಗೆ ಒಂದು ಎಚ್ಚರಿಕೆ. ಮಳೆಯಲ್ಲಿ ತೊಳೆದ ಎಲೆ ಬಿಸಿಲಿನ ಎಲೆಗಿಂತ ಹಸಿರಾಗಿ ಕಾಣುತ್ತದೆ. ಬಿಸಿಲಿನ ಬಿಳಿ ಮಿರುಗು ಇರುವುದಿಲ್ಲ, ಧೂಳೂ ತೊಳೆದುಹೋಗಿರುತ್ತದೆ. ಹಾಗೆಂದು ಸ್ಯಾಪ್ ಗ್ರೀನ್ ಅನ್ನು ಪ್ಯಾನ್‌ನಿಂದ ನೇರ ಹಚ್ಚಿದರೆ ಇಡೀ ಚಿತ್ರ ಪ್ಲಾಸ್ಟಿಕ್ ತೋರಣವಾಗುತ್ತದೆ. ನಾಟಿ ಗದ್ದೆಗೆ ಲೆಮನ್ ಯೆಲ್ಲೋ ಜೊತೆ ವಿರಿಡಿಯನ್ ಹ್ಯೂ, ಅದನ್ನು ತಗ್ಗಿಸಲು ಕ್ಯಾಡ್ಮಿಯಂ ಕೆಂಪಿನ ಒಂದು ಚುಕ್ಕೆ. ಅಡಿಕೆ ತೋಟಕ್ಕೆ ಸ್ಯಾಪ್ ಗ್ರೀನ್, ಬರ್ಂಟ್ ಸಿಯೆನ್ನಾ, ಅಲ್ಟ್ರಾಮರೀನ್. ತೋಟ ದೂರವಾದಷ್ಟೂ ಸಿಯೆನ್ನಾ ಕಡಿಮೆ, ಆಕಾಶಕ್ಕೆ ಕಲಸಿದ ಬೂದು ಹೆಚ್ಚು. ಎಲ್ಲ ಹಸಿರಿಗೂ ಆಕಾಶದ ಬೂದಿನ ಒಂದು ಹನಿ ಸೇರಿಸುವುದು ಮೋಡದ ದಿನ ಚಿತ್ರವನ್ನು ಹೊಲಿದು ಹಿಡಿಯುವ ದಾರ.

ಜಾಗದ ಲೆಕ್ಕಕ್ಕೆ ಬರೋಣ. ಪೂರ್ಣ ಇಂಪೀರಿಯಲ್ ಹಾಳೆಯ (ಜಲವರ್ಣ ಕಾಗದದ ಒಂದು ದೊಡ್ಡ ಅಳತೆ) ಎಂಟನೆಯ ಒಂದು ಭಾಗ, ಅಂದರೆ ಸುಮಾರು 19×28 ಸೆಂ.ಮೀ., ಈ ಪೆಟ್ಟಿಗೆಗೆ ಸರಿಯಾದ ಅಳತೆ. ಅದರ ಆಕಾಶಕ್ಕೆ ಒಂದೇ ಉಸಿರಿಗೆ ವಾಷ್ ಹಾಕಲು ಹತ್ತಿರ ಹತ್ತಿರ 10 ಮಿಲಿ ಕಲಸಿದ ಬಣ್ಣ ಕೈಗೆ ಸಿಗುವಂತಿರಬೇಕು, ಎರಡು ಟೀ ಚಮಚೆ. ಮುಚ್ಚಳದ ಗುಳಿಗಳಲ್ಲಿ ಅಷ್ಟು ನಿಲ್ಲುವುದಿಲ್ಲ, ನಿಂತರೂ ಪಕ್ಕದ ಹಸಿರಿಗೆ ಹರಿಯುತ್ತದೆ. ಅರ್ಧ ಆಕಾಶಕ್ಕೆ ಬಣ್ಣ ಮುಗಿದು ಮತ್ತೆ ಕಲಸುವಷ್ಟರಲ್ಲಿ ಅಂಚು ಒಣಗಿ ಗೆರೆಯಾಗಿ ಕೂತಿರುತ್ತದೆ, ಹೊಸ ಬೂದು ಹಳೆಯದರೊಂದಿಗೆ ಹೊಂದುವುದೂ ಇಲ್ಲ. ಎರಡು ಸಣ್ಣ ಸ್ಟೀಲ್ ಬಟ್ಟಲು ತನ್ನಿ: ಒಂದರಲ್ಲಿ ತಣ್ಣನೆ ಬೂದು, ಇನ್ನೊಂದರಲ್ಲಿ ಬೆಚ್ಚನೆ ಬೂದು. ಮುಚ್ಚಳ ಹಸಿರಿಗೆ ಇರಲಿ. ಹೊಸ ಪ್ಲಾಸ್ಟಿಕ್ ಮೇಲೆ ನೀರು ಕೆಸುವಿನ ಎಲೆಯ ಮೇಲಿನ ಹನಿಯಂತೆ ಗುಂಡಾಗಿ ಓಡುತ್ತದೆ, ಬಣ್ಣ ಎಷ್ಟು ಗಟ್ಟಿ ಅನ್ನುವುದೇ ತಿಳಿಯುವುದಿಲ್ಲ. ಟೂತ್‌ಪೇಸ್ಟ್ ಹಚ್ಚಿ ಹಳೆ ಬ್ರಷ್‌ನಿಂದ ಐದು ನಿಮಿಷ ಉಜ್ಜಿದರೆ ಸರಿಹೋಗುತ್ತದೆ.

ಜೊತೆಗೆ ಬರುವ ಕುಂಚ ಆಕಾಶಕ್ಕಲ್ಲ. 8 ಅಥವಾ 10 ನಂಬರಿನ ದುಂಡು ಕುಂಚ, ಮುಕ್ಕಾಲು ಇಂಚಿನ ಚಪ್ಪಟೆ ಕುಂಚ, ಇವೆರಡು ಬೇಕೇ ಬೇಕು. ದೊಡ್ಡ ಕುಂಚದಿಂದ ಹಾಫ್ ಪ್ಯಾನ್ ಉಜ್ಜಿದರೆ ಕೂದಲು ಹರಡಿ ಪಕ್ಕದ ಪ್ಯಾನ್ ಕೊಳೆಯಾಗುತ್ತದೆ. ಶುರು ಮಾಡುವ ಐದು ನಿಮಿಷ ಮೊದಲು ಪ್ರತಿ ಪ್ಯಾನ್‌ಗೆ ಎರಡು ಹನಿ ನೀರು ಬಿಟ್ಟು ಮೆತ್ತಗಾಗಿಸಿ. ಹೀಗೆ ಮಾಡಿದರೂ ಮುಂದಿನ ಮರಗಳ ಗಾಢ ಕಪ್ಪಿಗೆ ಬೇಕಾದ ದಪ್ಪ ಬಣ್ಣ ತೆಗೆಯಲು ತಿಣುಕಬೇಕು. ವಿದ್ಯಾರ್ಥಿ ದರ್ಜೆಯ ಬಣ್ಣದಲ್ಲಿ ವರ್ಣದ್ರವ್ಯ ಕಡಿಮೆ, ಅದರ ಮಿತಿ ಕಾಣುವುದು ಇಂಥ ಕಡೆ. ಅಲ್ಟ್ರಾಮರೀನ್ ಮತ್ತು ಬರ್ಂಟ್ ಅಂಬರ್‌ನ ಒಂದೊಂದು ಟ್ಯೂಬ್ ಜೇಬಿನಲ್ಲಿದ್ದರೆ ಕೊನೆಯ ಹತ್ತು ನಿಮಿಷ ಸುಸೂತ್ರ. ಮಳೆಗಾಲದಲ್ಲಿ ಮೊದಲು ಖಾಲಿಯಾಗುವ ಪ್ಯಾನ್ ಕೂಡ ಅಲ್ಟ್ರಾಮರೀನೇ.

ಒಣಗುವುದು ದೊಡ್ಡ ತಲೆನೋವು. ಬೇಸಿಗೆಯಲ್ಲಿ ಐದಾರು ನಿಮಿಷಕ್ಕೆ ಆರುವ ವಾಷ್ ಘಟ್ಟದ ಮಳೆಯಲ್ಲಿ ಅರ್ಧ ಗಂಟೆ ತೆಗೆದುಕೊಂಡೀತು. ಕಾಗದವನ್ನು ಓರೆಯಾಗಿ ಹಿಡಿದು ನೋಡಿ. ಹೊಳಪು ಇದ್ದರೆ ಒದ್ದೆ, ಆಗ ಹೊಸ ಬಣ್ಣ ಹರಡಿಕೊಳ್ಳುತ್ತದೆ, ಮಂಜಿನ ಗುಡ್ಡಕ್ಕೆ ಅದು ಬೇಕು. ಹೊಳಪು ಹೋಗಿ ಮುಂಗೈ ಹಿಂಬದಿಗೆ ತಣ್ಣಗೆ ತಾಗಿದರೆ ಅದೇ ಅಪಾಯದ ಹೊತ್ತು: ಕುಂಚದಲ್ಲಿ ಕಾಗದಕ್ಕಿಂತ ಹೆಚ್ಚು ನೀರಿದ್ದರೆ ಅದು ಬಣ್ಣವನ್ನು ತಳ್ಳಿಕೊಂಡು ಹೋಗಿ ಹೂಕೋಸಿನಂಥ ಕಲೆ ಬಿಡುತ್ತದೆ. ಆಗ ಕೈ ಕಟ್ಟಿ ಕೂತುಬಿಡಿ, ಇಲ್ಲವೇ ಎರಡು ಪರೀಕ್ಷೆ ಪ್ಯಾಡ್‌ಗಳಿಗೆ ಎರಡು ಕಾಗದ ಸಿಕ್ಕಿಸಿಕೊಂಡು ಸರದಿಯಂತೆ ಮಾಡಿ. ಕಾಗದ 300 ಜಿಎಸ್‌ಎಂ, ನೂರಕ್ಕೆ ನೂರು ಹತ್ತಿಯದಾಗಿರಲಿ. ಮರದ ತಿರುಳಿನ ಕಾಗದದಲ್ಲಿ ನೀರು ಮೇಲೆಯೇ ನಿಂತು ಕಲೆಗಳು ಹೆಚ್ಚು. ಪೆಟ್ಟಿಗೆಗಿಂತ ಕಾಗದಕ್ಕೆ ದುಡ್ಡು ಹಾಕುವುದು ಲೇಸು.

ಕೊಡೆ ಕಪ್ಪು ಅಥವಾ ಬೂದು ಬಣ್ಣದ್ದಾಗಿರಲಿ. ಹಳದಿ, ಕೆಂಪು ಕೊಡೆಯಡಿ ಕಾಗದಕ್ಕೆ ಆ ಬಣ್ಣವೇ ಹೊಡೆಯುತ್ತದೆ, ಬೂದುಗಳೆಲ್ಲ ತಪ್ಪುತ್ತವೆ. ಇಂಬಳಕ್ಕೆಂದು ಉಪ್ಪು ಒಯ್ಯುವವರು ಅದನ್ನು ಚಿತ್ರದಿಂದ ದೂರವಿಡಿ. ಒದ್ದೆ ವಾಷ್ ಮೇಲೆ ಬಿದ್ದ ಒಂದೊಂದು ಕಣವೂ ಬಣ್ಣ ಹೀರಿ ನಕ್ಷತ್ರದ ಗುರುತು ಬಿಡುತ್ತದೆ. ಆಗುಂಬೆಯ ಹಗಲಿನಲ್ಲಿ ನಕ್ಷತ್ರ ಯಾರಿಗೂ ಬೇಡ.

ತಗಡಿನ ಪೆಟ್ಟಿಗೆಗಿಂತ ಈ ಪ್ಲಾಸ್ಟಿಕ್ ಪೆಟ್ಟಿಗೆ ಮಲೆನಾಡಿಗೆ ಒಗ್ಗುತ್ತದೆ, ತುಕ್ಕು ಹಿಡಿಯುವುದಿಲ್ಲ. ಮುಚ್ಚಳದ ಕೀಲು ಮಾತ್ರ ನಾಜೂಕು, ಮುಚ್ಚಳವನ್ನು ಪೂರ್ತಿ ಹಿಂದಕ್ಕೆ ಒತ್ತಬೇಡಿ. ಬೂಸ್ಟು ಬರುವುದು ಖಂಡಿತ, ಅದು ಯಾವ ಬ್ರ್ಯಾಂಡಿನ ಪ್ಯಾನ್‌ಗೂ ತಪ್ಪಿದ್ದಲ್ಲ. ಒದ್ದೆ ಪ್ಯಾನ್‌ಗಳ ಮೇಲೆ ಮುಚ್ಚಳ ಹಾಕಿ ಚೀಲದಲ್ಲಿ ಮರೆತರೆ ನಾಲ್ಕು ದಿನಕ್ಕೆ ಬಿಳಿ ನೂಲು ಏಳಬಹುದು. ಕೆಲಸ ಮುಗಿದ ಮೇಲೆ ಹಳೆ ಪಂಚೆಯ ತುಂಡಿನಿಂದ ಪ್ಯಾನ್‌ಗಳ ಮೇಲಿನ ನೀರು ಹೀರಿ, ರಾತ್ರಿಯಿಡೀ ತೆರೆದು, ಒಲೆಯ ಹತ್ತಿರದ ಗೂಡಿನಲ್ಲೋ ಫ್ಯಾನಿನ ಕೆಳಗೋ ಇಡಿ. ಬಂದೇಬಿಟ್ಟರೆ ಒದ್ದೆ ಬಟ್ಟೆಯಲ್ಲಿ ಮೇಲ್ಪದರ ಒರೆಸಿ ತೆಗೆದು ಒಣಗಿಸಿ, ಕೆಳಗಿನ ಬಣ್ಣ ಬಳಸಬಹುದು. ಕಾಗದಕ್ಕೆ ಬೂಸ್ಟು ತಗುಲಿದರೆ ಹಾಗಲ್ಲ. ಅದರ ಅಂಟಿನ ಲೇಪ ಹಾಳಾಗಿರುತ್ತದೆ, ವಾಷ್ ಹಾಕಿದ ಕೂಡಲೇ ಅಲ್ಲಲ್ಲಿ ಎಣ್ಣೆ ಬಿದ್ದಂತೆ ಕಪ್ಪು ಮಚ್ಚೆ ಏಳುತ್ತವೆ, ಆಮೇಲೆ ಏನು ಮಾಡಿದರೂ ಹೋಗುವುದಿಲ್ಲ. ಕಾಗದವನ್ನು ಸಿಲಿಕಾ ಜೆಲ್ ಪುಡಿಕೆಯ ಜೊತೆ ಜಿಪ್ ಕವರಿನಲ್ಲಿಡಿ.

ಕಾಲು ಇಂಪೀರಿಯಲ್‌ಗಿಂತ ದೊಡ್ಡ ಹಾಳೆಯಲ್ಲಿ ಕೆಲಸ ಮಾಡುವವರು ಈ ಪೆಟ್ಟಿಗೆ ಕೊಳ್ಳಬೇಡಿ. ಟ್ಯೂಬ್ ಮತ್ತು ಅಗಲವಾದ ಪ್ಯಾಲೆಟ್ ತಗೊಳ್ಳಿ. ಬಸ್ಸಿನಲ್ಲಿ ಹೋಗಿ ಬರುವವರಿಗೆ, ಮಳೆ ಹೊಳವಾದ ಮುಕ್ಕಾಲು ಗಂಟೆಯಲ್ಲಿ ಒಂದು ಸಣ್ಣ ಚಿತ್ರ ಮುಗಿಸಬೇಕಾದವರಿಗೆ ಇದು ಸಾಕು, ಬಟ್ಟಲು ಮರೆಯದಿದ್ದರೆ.