ಜಳಕದ ನೀರಿಗೆ ಯಾವುದು ವಾಸಿ: ರಾಡ್, ಟ್ಯಾಂಕ್ ಗೀಝರ್, ಗ್ಯಾಸ್ ಗೀಝರ್, ಬಂಬ

ವಿಜಯಪುರದ ಬೋರ್ ನೀರು, 20 ಲೀಟರಿನ ಒಂದೇ ಬಕೆಟ್. ಮಾಳಿಗೆ ಮೇಲಿನ ಟಾಕಿಯಿಂದ 22 ಡಿಗ್ರಿಯಲ್ಲಿ ಬರುವ ನೀರನ್ನು ಜಳಕಕ್ಕೆ ಹದವಾದ 42ಕ್ಕೆ ಏರಿಸಬೇಕು. ಯಾವುದರಿಂದ ಕಾಸಿದರೂ ಇದಕ್ಕೆ ಅರ್ಧ ಯೂನಿಟ್‌ನಷ್ಟು ಶಾಖ ಬೇಕೇ ಬೇಕು. ‘ಈ ರಾಡ್ ಕರೆಂಟ್ ಉಳಿಸ್ತದ್ರಿ’ ಅಂತ ಅಂಗಡಿಯವ ಹೇಳಿದರೆ ನಕ್ಕು ಸುಮ್ಮನಾಗಿ. ಫರಕು ಇರುವುದು ಹೊತ್ತಿನಲ್ಲಿ, ಉಪ್ಪು ಕಟ್ಟುವುದರಲ್ಲಿ, ಮುಖ್ಯವಾಗಿ ಅಪಾಯದಲ್ಲಿ.

1500 ವ್ಯಾಟ್ ರಾಡ್ ಈ ಬಕೆಟ್‌ಗೆ 19–20 ನಿಮಿಷ ತಗೊಳ್ಳುತ್ತದೆ. ಅಗ್ಗ, ಆದರೆ ನಮ್ಮ ಪಟ್ಟಿಯಲ್ಲಿ ಕೊನೆಯದು. ಮೇಲಿನ ನೀರು ಸುಡುತ್ತಿರುವಾಗಲೂ ತಳದ ನೀರು ತಣ್ಣಗೇ ಇರುವುದರಿಂದ ಜನ ಬೆರಳು ಅದ್ದಿ ನೋಡುತ್ತಾರೆ, ಶಾಕ್ ಹೊಡೆಯುವುದು ಆಗಲೇ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಆಮೇಲೆ ಕೈ. ಕಬ್ಬಿಣದ ಬಕೆಟ್ ಬೇಡ. ನೀರು ರಾಡ್ ಮೇಲಿನ ಗೆರೆಗಿಂತ ಕೆಳಗಿದ್ದರೆ ಕೊಳವೆ ಸುಟ್ಟು ಸೀಳುತ್ತದೆ. ಬಹಳ ಮನೆಗಳಲ್ಲಿ ಸಾಕೆಟ್ಟಿನ ಮೂರನೇ ತೂತಿಗೆ ಅರ್ಥಿಂಗ್ ತಂತಿಯೇ ಬಂದಿರುವುದಿಲ್ಲ. ಮೊದಲು ಅದನ್ನು ನೋಡಿಸಿ, ಕರೆಂಟ್ ಸೋರಿದ ಕೂಡಲೇ ತಾನಾಗಿ ಆರುವ ಸ್ವಿಚ್, ಅಂದರೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ.

ಟ್ಯಾಂಕ್ ಗೀಝರ್: 15 ಲೀಟರ್, 2000 ವ್ಯಾಟ್. 60 ಡಿಗ್ರಿಗೆ ಬರಲು 20 ನಿಮಿಷ, ತಣ್ಣೀರು ಬೆರೆಸಿಕೊಂಡರೆ ಒಂದೂಕಾಲು ಬಕೆಟ್ ಸಿಗುತ್ತದೆ. ಹೊಸದಾಗಿ ಕೂರಿಸಿದಾಗ, ಟಾಕಿ ಖಾಲಿಯಾಗಿ ತುಂಬಿದಾಗ, ಬಿಸಿನೀರಿನ ನಳ ತಿರುವಿ. ಮೊದಲು ಬುಸ್ ಬುಸ್ ಅಂತ ಗಾಳಿ, ಆಮೇಲೆ ಸಣ್ಣಗೆ ನೀರು. ಧಾರೆ ಎಡೆಬಿಡದೆ ಬಂದ ಮೇಲೆಯೇ ಸ್ವಿಚ್. ಒಣ ಟ್ಯಾಂಕಿಗೆ ಕರೆಂಟ್ ಕೊಟ್ಟರೆ ಕಾಯಿಲ್ ಹೋಯಿತು ಅನ್ನಿ.

ಇನ್ನು ಸೇಫ್ಟಿ ವಾಲ್ವ್. ತಣ್ಣೀರು ಒಳಹೋಗುವ ಪೈಪಿಗೆ ಇರುವ ಈ ಹಿತ್ತಾಳೆ ತುಂಡು ಕಾಯುವಾಗ ತೊಟಕ್ ತೊಟಕ್ ಅನ್ನುತ್ತದೆ. ಕೆಟ್ಟಿದೆ ಅಂತ ತಿಳಿದು ಡೆಡ್ ಪ್ಲಗ್ ಹಾಕಿ ಅದರ ಬಾಯಿ ಮುಚ್ಚುವವರಿದ್ದಾರೆ. ಇದಕ್ಕಿಂತ ದೊಡ್ಡ ತಪ್ಪಿಲ್ಲ. 15 ಲೀಟರ್ ನೀರು 22ರಿಂದ 60ಕ್ಕೆ ಕಾಯುವಾಗ ಸುಮಾರು 220 ಮಿಲಿ, ಅಂದರೆ ಒಂದು ಲೋಟದಷ್ಟು ಹಿಗ್ಗುತ್ತದೆ. ಹಿಂದಕ್ಕೆ ಹರಿಯಲು ವಾಲ್ವ್ ಬಿಡುವುದಿಲ್ಲ, ಹಾಗಾಗಿ ಆ ಹನಿಯೇ ದಾರಿ. ಅದನ್ನೂ ಮುಚ್ಚಿದ ಮೇಲೆ, ಬಿಸಿ ಸಾಕಾದಾಗ ಕರೆಂಟ್ ಆರಿಸುವ ಥರ್ಮೋಸ್ಟ್ಯಾಟ್ ಕೈಕೊಟ್ಟರೆ ಟ್ಯಾಂಕೇ ಒಡೆಯುತ್ತದೆ. ಸ್ವಿಚ್ ಆರಿಸಿದ ಮೇಲೂ ತಣ್ಣಗಾದ ನೀರು ಸುರಿಯುತ್ತಲೇ ಇದ್ದರೆ ಮಾತ್ರ ವಾಲ್ವ್ ಬದಲಿಸಿ. ತಿಂಗಳಿಗೊಮ್ಮೆ ಅದರ ಕಿವಿಯಂಥ ಹಿಡಿಕೆ ಎತ್ತಿ ನೀರು ಬರುತ್ತದೆಯೇ ನೋಡಿ. ಸುಡುನೀರು ಬರಬಹುದು, ಕೈ ದೂರವಿರಲಿ.

ನಮ್ಮ ಗಡಸು ನೀರಿಗೆ 60ರ ಮೇಲೆ ಇಡಬಾರದು; ಬಿಸಿ ಹೆಚ್ಚಿದಷ್ಟೂ ಸುಣ್ಣ ಬೇಗ ಕಟ್ಟುತ್ತದೆ. 55 ಸಾಕು. ಕಾಯುವಾಗ ಒಳಗೆ ಅಳ್ಳು ಹುರಿದಂತೆ ಪಟಪಟ ಸದ್ದು ಬಂದರೆ ಕಾಯಿಲ್ ಮೇಲೆ ಬಿಳಿ ಪದರು ಕೂತಿದೆ ಅಂತಲೇ ಅರ್ಥ. ವರ್ಷಕ್ಕೊಮ್ಮೆ ಬಿಚ್ಚಿಸಿ ತೊಳೆಸಿ, ಟ್ಯಾಂಕಿಗೆ ತುಕ್ಕು ಹಿಡಿಯದಂತೆ ಒಳಗಿರುವ ಆನೋಡ್ ರಾಡ್ ಸವೆದು ತಂತಿಯಷ್ಟಾಗಿದ್ದರೆ ಹೊಸದು ಹಾಕಿಸಿ. ನಾಲ್ವರ ಮನೆಗೆ ದಿನಕ್ಕೆ ಎರಡು ಯೂನಿಟ್, ತಿಂಗಳಿಗೆ 60. ಗೃಹಜ್ಯೋತಿಯ 200ರ ಅಂಚಿನಲ್ಲಿರುವವರು ಇದನ್ನು ಲೆಕ್ಕಕ್ಕೆ ಹಿಡಿಯಿರಿ.

ತೊಗರಿ ಕಟ್ಟಿಗೆ, ಕುಳ್ಳು ಇರುವ ಹಳ್ಳಿ ಮನೆಗೆ ಬೆಂಕಿ ಹಾಕಿ ನೀರು ಕಾಸುವ ಬಂಬವೇ ಸೈ. ಅದರಲ್ಲೂ ಮೊದಲು ನೀರು, ಆಮೇಲೆ ಬೆಂಕಿ. ಇಲ್ಲದಿದ್ದರೆ ಬೆಸುಗೆ ಬಿಡುತ್ತದೆ. ಉರಿಸುವುದು ಅಂಗಳದಲ್ಲೇ.

ವೇಗದಲ್ಲಿ ಗ್ಯಾಸ್ ಗೀಝರನ್ನು ಮೀರಿಸುವುದು ಯಾವುದೂ ಇಲ್ಲ. ನಿಮಿಷಕ್ಕೆ 6 ಲೀಟರಿನದು ಬಕೆಟ್ ತುಂಬಲು ಮೂರೂವರೆ ನಿಮಿಷ, ಕರೆಂಟ್ ಹೋದರೂ ನಡೆಯುತ್ತದೆ. ಟಕಟಕ ಅಂದು ಹೊತ್ತದಿದ್ದರೆ ಸೆಲ್ ಬದಲಿಸಿ. ಹೊಸ ಸೆಲ್ ಹಾಕಿ ನಳ ತಿರುವಿದರೂ ಸದ್ದೇ ಇಲ್ಲದಿದ್ದರೆ ನೀರಿನ ಒತ್ತಡ ಸಾಲದಿರಬಹುದು, ಆಗ ಟಾಕಿ ಎತ್ತರಿಸಬೇಕು.

ಆದರೆ ಬಚ್ಚಲೊಳಗೆ ಮಾತ್ರ ತೂಗುಹಾಕಬೇಡಿ. ನಾಲ್ಕಡಿ ಅಗಲ, ಆರಡಿ ಉದ್ದ, ಎಂಟಡಿ ಎತ್ತರದ ಬಚ್ಚಲಿನಲ್ಲಿ ಇರುವುದು ಸುಮಾರು ಐದೂವರೆ ಘನ ಮೀಟರ್ ಗಾಳಿ. ಹತ್ತು ನಿಮಿಷದ ಉರಿಗೆ ಬೇಕಾಗುವುದು ಎರಡು ಘನ ಮೀಟರ್. ಥಂಡಿ ಅಂತ ಕಿಟಕಿ ಮುಚ್ಚಿದರೆ ಆಮ್ಲಜನಕ ಇಳಿದು ಗ್ಯಾಸ್ ಅರೆಬರೆ ಉರಿಯುತ್ತದೆ, ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ತಲೆನೋವು, ಓಕರಿಕೆ, ಕಾಲು ಕುಸಿದಂತೆ ಅನ್ನಿಸಿದರೆ ನಳ ನಿಲ್ಲಿಸುವುದಕ್ಕೂ ಮೊದಲು ಬಾಗಿಲು ತೆಗೆದು ಹೊರಗೆ ಬನ್ನಿ. ಎಕ್ಸಾಸ್ಟ್ ಫ್ಯಾನ್ ಇದೆ ಅಂತ ನೆಚ್ಚಬೇಡಿ. ಗಾಳಿ ಒಳಬರಲು ದಾರಿಯಿಲ್ಲದಿದ್ದರೆ ಅದು ತಿರುಗಿದ್ದೂ ದಂಡ.

ಹಿತ್ತಲ ಗೋಡೆಗೆ, ಸಜ್ಜಾದ ಕೆಳಗೆ, ಕಿಟಕಿಯಿಂದ ದೂರ ಕೂರಿಸಿ ಬಿಸಿನೀರಿನ ಪೈಪನ್ನಷ್ಟೇ ಒಳಗೆ ತನ್ನಿ. ಉರಿ ನೀಲಿ ಇರಬೇಕು. ಹಳದಿಯಾದರೆ ಬರ್ನರಿನಲ್ಲಿ ಧೂಳು ಕೂತಿರಬಹುದು, ಸರಿಯಾಗುವ ತನಕ ಬಳಸಬೇಡಿ. ಸಿಲಿಂಡರ್ ನೆಟ್ಟಗೇ ನಿಂತಿರಲಿ. ಜೋಡಣೆಗಳಿಗೆ ಸಾಬೂನಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ, ಐದು ವರ್ಷವಾದ ಗ್ಯಾಸ್ ಪೈಪನ್ನು ಸೋರದಿದ್ದರೂ ಎಸೆಯಿರಿ.