ಸೆಕೆಂಡ್ ಹ್ಯಾಂಡ್ ಏರ್ ಪಿಸ್ತೂಲ್ ತಗೊಳೋರು ಮೊದ್ಲು ಸಿಲಿಂಡರ್ ಮೇಲಿನ ಸ್ಟಿಕರ್ ಕಿತ್ತು ನೋಡಿ

ಹೇಳ್ಕೊಳಕ್ಕೇ ನಾಚಿಕೆ ಆಗುತ್ತೆ, ಆದ್ರೂ ಬರೀತಿದೀನಿ. 55 ಸಾವಿರ ಹೋಯ್ತು. ಚೀಟಿ ದುಡ್ಡು.

ನನ್ ಮಗಳು 10 ಮೀಟರ್ ಏರ್ ಪಿಸ್ತೂಲ್ ಹೊಡೀತಾಳೆ. 2024ರಲ್ಲಿ ಪ್ಯಾರಿಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದಿದ್ದೇ ಗೆದ್ದಿದ್ದು, ನಮ್ಮನೇಲೂ ಶುರುವಾಯ್ತು. ಒಂದು ವರ್ಷ ಕ್ಲಬ್ ಪಿಸ್ತೂಲಲ್ಲೇ ಕಲಿತ್ಲು, ಆಮೇಲೆ ಸ್ವಂತದ್ದು ಬೇಕು ಅಂದ್ರು ಕೋಚು. ಮೊರಿನಿ, ಸ್ಟೈಯರ್ ಅಂತ ಕಂಪನಿಗಳದ್ದು ಹೊಸದು ಅಂದ್ರೆ ಒಂದೂವರೆ ಲಕ್ಷದ ಮೇಲಿನ ಮಾತು. ನಾನು ತುಮಕೂರಲ್ಲಿ ಅಂಗಡಿ ಇಟ್ಕೊಂಡಿರೋನು, ಎಲ್ಲಿಂದ ತರ್ಲಿ? ಅಷ್ಟ್ರಲ್ಲಿ ವಾಟ್ಸಾಪ್ ಗ್ರೂಪಲ್ಲಿ ಬಂತು, "ಮ್ಯಾಚ್ ಪಿಸ್ತೂಲ್, ಕಮ್ಮಿ ಯೂಸ್ ಆಗಿದೆ, 60". 55ಕ್ಕೆ ಇಳಿಸಿದೆ. ಏನೋ ದೊಡ್ಡದಾಗಿ ಗೆದ್ದೆ ಅನ್ಕೊಂಡೆ ನೋಡಿ ನಾನು.

ಆಗ ಆ ಮಾರೋನು ನನ್ನ "ಅಣ್ಣಾ" ಅಂತಿದ್ದ. ಮಾತಿಗೆ ಮುಂಚೆ ಅಣ್ಣಾ, ಮಾತಾದ್ಮೇಲೂ ಅಣ್ಣಾ.

ಬೆಂಗಳೂರಿಗೆ ಹೋದ್ವಿ, ಒಂದು ಪಾರ್ಕಿಂಗಲ್ಲಿ ತೋರಿಸ್ದ. ಪೆಟ್ಟಿಗೆ ಚೆನ್ನಾಗಿತ್ತು, ಮರದ ಹಿಡಿ ಚೆನ್ನಾಗಿತ್ತು, ಗಾಳಿ ತುಂಬೋ ಸಿಲಿಂಡರ್ ಮೇಲೆ ತ್ರಿವರ್ಣದ ಸ್ಟಿಕರ್ ಸುತ್ತಿತ್ತು. ಮಗಳು ಅದನ್ನ ನೋಡೇ ಖುಷಿಯಾದ್ಲು. ಹೊಡೆದು ನೋಡ್ಬೋದಾ ಅಂದೆ. "ಅಣ್ಣಾ, ಗಾಡೀಲಿ ತರ್ಬೇಕಾದ್ರೆ ಗಾಳಿ ಖಾಲಿ ಮಾಡೇ ತರೋದು, ಸೇಫ್ಟಿ." ಅದು ನಿಜವೇ, ಎಷ್ಟೋ ಜನ ಹಂಗೇ ಮಾಡ್ತಾರೆ, ಅದಕ್ಕೇ ನಂಬಿದೆ. ಬಿಲ್ ಕೇಳಿದ್ದಕ್ಕೆ "ಲೈಸೆನ್ಸೇ ಬೇಡ್ದಿರೋ ಐಟಂಗೆ ಬಿಲ್ ಏನಣ್ಣಾ". ಅದೂ ಅರ್ಧ ನಿಜ. .177 ಇಂಚು ಬೋರು (ನಳಿಗೆ ಅಗಲ), ಹೊಡೆತದ ಶಕ್ತಿ 20 ಜೂಲ್ ಒಳಗಿನ ಏರ್ ಗನ್ನಿಗೆ ಲೈಸೆನ್ಸ್ ಬೇಡ. ಹಂಗಂತ ಬಿಲ್ಲೂ ಬೇಡ ಅಂತ ಯಾರು ಹೇಳಿದ್ರು? ನನಗೆ ಅವತ್ತು ಹೊಳೀಲಿಲ್ಲ. ನಿಂತ ನಿಲುವಲ್ಲೇ ಫೋನ್‌ಪೇ ಮಾಡಿದೆ.

ಶೂಟಿಂಗ್ ರೇಂಜಿಗೆ ತಂದು 200 ಬಾರ್ ಒತ್ತಡಕ್ಕೆ ಗಾಳಿ ತುಂಬಿಸಿದ್ರೆ ಬೆಳಿಗ್ಗೆ ಹೊತ್ಗೆ ಮೀಟರ್ ಮುಳ್ಳು 140ಕ್ಕೆ ಬಂದಿತ್ತು. ಓರಿಂಗ್, ಅಂದ್ರೆ ಗಾಳಿ ತಡೆಯೋ ರಬ್ಬರ್ ಬಳೆ, ಹೋಗಿರುತ್ತೆ ಅಂದ್ರು, ಹಾಕಿಸಿದೆ, ಸರಿಹೋಯ್ತು. ಆಗ್ಲೂ ಕೋಚಾಗ್ಲಿ ನಾನಾಗ್ಲಿ ಆ ಸ್ಟಿಕರ್ ಮುಟ್ಲಿಲ್ಲ.

ಆಮೇಲೆ ಮ್ಯಾಚು. ಹೊಡೆಯೋಕೆ ಮುಂಚೆ ಇಕ್ವಿಪ್‌ಮೆಂಟ್ ಕಂಟ್ರೋಲ್ ಅಂತ ಪಿಸ್ತೂಲ್ ಚೆಕ್ ಮಾಡ್ತಾರಲ್ಲ, ಅಲ್ಲಿ. ಅಳತೆ ಪೆಟ್ಟಿಗೇಲಿ ಪಿಸ್ತೂಲ್ ಕೂತ್ಕೊಂತು. ಟ್ರಿಗರಿಗೆ 500 ಗ್ರಾಂ ತೂಕ ನೇತಾಕಿ ಎತ್ತಿದ್ರು, ಪಾಸು. ಕೊನೇಗೆ ಚೆಕ್ ಮಾಡೋ ಮೇಷ್ಟ್ರು ಸಿಲಿಂಡರ್ ತಿರುಗಿಸಿ ತಿರುಗಿಸಿ ನೋಡಿ, "ಡೇಟ್ ಎಲ್ಲಿ?" ಅಂತ ಹೆಬ್ಬೆರಳ ಉಗುರಲ್ಲಿ ಸ್ಟಿಕರ್ ಕೆರೆಯೋಕೆ ಶುರು ಮಾಡಿದ್ರು. ಕೇಸರಿ ಹೋಯ್ತು, ಬಿಳಿ ಹೋಯ್ತು, ಒಳಗೆ ಕೆತ್ತಿತ್ತು 2011. "ಹತ್ತು ವರ್ಷ ದಾಟಿದ್ದು ನಡೆಯಲ್ಲ ಸರ್. ಕಾರ್ ಟೈರಿಗೆ ಎರಡು ಬಾರ್ ಚಿಲ್ರೆ, ಇದ್ರೊಳಗೆ ಇನ್ನೂರು. ಮಗು ಕೈಗೆ ಇದನ್ನ ಹೆಂಗೆ ಕೊಟ್ರಿ ನೀವು?"

ಹಿಂದೆ ಇಪ್ಪತ್ತು ಜನ ಪೇರೆಂಟ್ಸು ಕ್ಯೂನಲ್ಲಿ ನಿಂತಿದ್ರು. ಹೆಂಗೆ ಕೊಟ್ರಿ ನೀವು ಅಂದ್ರಲ್ಲ, ಅದು ಇನ್ನೂ ಕಿವೀಲಿದೆ. ಮಗಳು "ಬಿಡಪ್ಪ" ಅಂದ್ಲು ಅಷ್ಟೆ. ಬೇರೆ ಹುಡುಗಿ ಪಿಸ್ತೂಲ್ ಇಸ್ಕೊಂಡು ಹೊಡೆದ್ಲು, ಆ ಹಿಡಿ ಇವಳ ಕೈಗೆ ದೊಡ್ಡದು, ಮಾಮೂಲಿಗಿಂತ ಇಪ್ಪತ್ತು ಪಾಯಿಂಟ್ ಕಮ್ಮಿ ಬಂತು.

ಹೊರಗೆ ಬಂದು ಫೋನ್ ಮಾಡಿದೆ. ಈಗ ಅಣ್ಣಾ ಇಲ್ಲ. "ಸರ್, ಪ್ರಾಕ್ಟೀಸಿಗೆ ಅಂತಾನೇ ಕೊಟ್ಟಿದ್ದು." ಗ್ರೂಪಲ್ಲಿ ಮ್ಯಾಚ್ ಪಿಸ್ತೂಲ್ ಅಂತ ಹಾಕಿದ್ಯಲ್ಲಪ್ಪ ಅಂದೆ. ನಾನು ನೋಡೋಷ್ಟ್ರಲ್ಲಿ ಆ ಮೆಸೇಜ್ ಡಿಲೀಟ್ ಆಗಿತ್ತು. ಸ್ಟಿಕರ್ ಯಾಕೆ ಅಂಟಿಸ್ದೆ ಅಂದ್ರೆ "ದೇಶಾಭಿಮಾನ ಸರ್, ಅದೂ ತಪ್ಪಾ?" ದೇಶಾಭಿಮಾನ ಅಂತೆ! ಅಷ್ಟುದ್ದ ಸಿಲಿಂಡರಲ್ಲಿ ದೇಶಾಭಿಮಾನಕ್ಕೆ ಸಿಕ್ಕಿದ್ದು ಡೇಟ್ ಇರೋ ಜಾಗ ಒಂದೇನಾ? ಮೂರನೇ ಸಲ ಮಾಡ್ದಾಗ "ನೋಡಿ ಮಿಸ್ಟರ್, ಬಿಲ್ ಇದ್ರೆ ತಗೊಂಡ್ ಬನ್ನಿ ಮಾತಾಡೋಣ" ಅಂದು ಬ್ಲಾಕ್ ಮಾಡಿದ. ಬಿಲ್ ಬೇಡ ಅಂದೋನೂ ಇವ್ನೇ.

ಪಾರ್ಕಿಂಗಲ್ಲಿ ವ್ಯಾಪಾರ ಬೇಡಿ ಸ್ವಾಮಿ. ರೇಂಜಿಗೆ ಕರೆಸಿ, ತುಂಬಿಸಿ, ಒಂದು ರಾತ್ರಿ ಬಿಟ್ಟು ಮುಳ್ಳು ನೋಡಿ, ಬೆಳಿಗ್ಗೆ ಅರವತ್ತು ಗುಂಡು ಹೊಡೆಸಿ, ಆಮೇಲೆ ದುಡ್ಡು. ಸಿಲಿಂಡರ್ ಡೇಟ್ ಕಣ್ಣಾರೆ ನೋಡಿ, ಅಣ್ಣಾ ಅಂದ್ರೂ ನೋಡಿ. ಬಿಳಿ ಹಾಳೇಲಾದ್ರೂ ಸರಿ ಸೀರಿಯಲ್ ನಂಬರ್ ಬರೆಸಿ ಸೈನ್ ಹಾಕಿಸ್ಕೊಳಿ.

ಹೊಸ ಸಿಲಿಂಡರಿಗೆ ಇಪ್ಪತ್ತು ಸಾವಿರದ ಮೇಲೆ ಹೇಳ್ತಿದಾರೆ, ಹೊರದೇಶದಿಂದ ಬರ್ಬೇಕಂತೆ, ಯಾವಾಗ ಅಂತ ಗೊತ್ತಿಲ್ಲ. ನಮ್ ಭಾವಮೈದ ಇದಾನೆ, "ನೀವೂ ಇನ್ನೊಂದು ಸ್ಟಿಕರ್ ಅಂಟಿಸಿ ಮಾರ್ಬಿಡಿ ಭಾವ" ಅಂತಾನೆ. ಥೂ. ಸಿಲಿಂಡರಲ್ಲಿದ್ದ ಗಾಳಿ ಬಿಡಿಸಿ ಅಟ್ಟದ ಮೇಲೆ ಹಾಕಿದೀನಿ, ಮಗಳು ಮತ್ತೆ ಕ್ಲಬ್ ಪಿಸ್ತೂಲಿಗೆ ಕ್ಯೂ ನಿಲ್ತಿದಾಳೆ.