ರಾಶಿ, ಚಾಲಿ ಮತ್ತು ಮೂರು ಕೋಡ್ ಜನರೇಟರ್‌ಗಳು

ಶಿರಸಿಯ ಅಡಿಕೆ ಮಂಡಿಯೊಂದಕ್ಕೆ ಟೆಂಡರ್ ಪಟ್ಟಿ ತೋರಿಸುವ ಸಣ್ಣ ತಂತ್ರಾಂಶ ಬರೆದಿದ್ದೇನೆ. ಲಾಟ್ ಸಂಖ್ಯೆ, ಅಡಿಕೆಯ ಬಗೆ (ರಾಶಿ, ಚಾಲಿ ಹೀಗೆ), ತೂಕ, ಧಾರಣೆ, ಇಷ್ಟೇ ಸರಕು. ಆದರೂ ಸರ್ವರ್‌ನಲ್ಲಿ ಒಂದು ಹೆಸರು ಬದಲಾದಾಗಲೆಲ್ಲ ಟೈಪ್‌ಸ್ಕ್ರಿಪ್ಟ್ ಇಂಟರ್‌ಫೇಸ್‌ಗಳನ್ನು (ದತ್ತಾಂಶದಲ್ಲಿ ಯಾವ ಹೆಸರಿನಡಿ ಏನಿರುತ್ತದೆ ಎಂದು ಕೋಡ್‌ಗೆ ಹೇಳುವ ಟೈಪ್‌ಗಳು) ಕೈಯಲ್ಲಿ ತಿದ್ದಿ ಬೇಸತ್ತು, ಅವನ್ನು ತಾವೇ ಬರೆದುಕೊಡುವ ಮೂರು ಜನರೇಟರ್‌ಗಳನ್ನು ಮಳೆಗಾಲವಿಡೀ ಬಳಸಿ ನೋಡಿದೆ.

ಮೊದಲಿಗೆ ಕ್ವಿಕ್‌ಟೈಪ್. ಸ್ಕೀಮಾ (ದತ್ತಾಂಶದ ರೂಪ ಹೇಳುವ ನಿಯಮಪಟ್ಟಿ) ಇಲ್ಲದಿದ್ದರೂ ಸರಿ, ಸರ್ವರ್ ಕಳಿಸುವ ಜೇಸನ್ ಪಠ್ಯದ ಮಾದರಿ ಕೊಟ್ಟರೆ ಸಾಕು. ಟೈಪ್‌ಗಳ ಜೊತೆಗೆ, ಬಂದ ದತ್ತಾಂಶವನ್ನು ಪರೀಕ್ಷಿಸುವ ಕೋಡನ್ನೂ ಬರೆದುಕೊಡುತ್ತದೆ. ನನ್ನ ಮಾದರಿಯಲ್ಲಿ ರಾಶಿ, ಚಾಲಿ, ಬೆಟ್ಟೆ ಮಾತ್ರ ಇದ್ದವು. ಆ ಮೂರನ್ನೇ ಎನಮ್, ಅಂದರೆ ಇವಿಷ್ಟೇ ನಡೆಯುತ್ತವೆ ಎಂಬ ಪಟ್ಟಿ, ಮಾಡಿತು. ಕೆಂಪುಗೋಟು ಎಂಬ ಬಗೆಯ ಮೊದಲ ಲಾಟ್ ಬಂದ ದಿನ ಇಡೀ ಪಟ್ಟಿ ಮುಗ್ಗರಿಸಿತು. ಅಂಗಳದಲ್ಲಿ ಹರಡಿದ್ದನ್ನು ತೋರಿಸಿ ತೋಟದ ಫಸಲು ಹೇಳು ಎಂದವನು ನಾನೇ, ಅದನ್ನು ಬೈದು ಪ್ರಯೋಜನವಿಲ್ಲ.

ಆಮೇಲೆ ಪ್ರೋಟೋಬಫ್ (ಜೇಸನ್ ಬದಲು ದತ್ತಾಂಶವನ್ನು ಅಡಕವಾಗಿ ಕಳಿಸುವ ವಿಧಾನ), ಅದರಿಂದ ಟೈಪ್‌ಸ್ಕ್ರಿಪ್ಟ್ ಬರೆಯಲು ಟಿಎಸ್-ಪ್ರೋಟೋ. ಸಂದೇಶದ ಗಾತ್ರ ಚಿಕ್ಕದು, ಘಟ್ಟದ ಹಳ್ಳಿಗಳ ನೆಟ್‌ವರ್ಕ್‌ಗೆ ಒಳ್ಳೆಯದೆಂದುಕೊಂಡೆ. ಕೆಲವೇ ನೂರು ಲಾಟ್‌ಗಳಲ್ಲಿ ವ್ಯತ್ಯಾಸ ಕಣ್ಣಿಗೆ ಬೀಳಲಿಲ್ಲ. ಬಿದ್ದದ್ದು ಬೇರೆ: ಟೆಂಡರ್ ಆಗದ ಲಾಟ್‌ಗಳಿಗೆ ಧಾರಣೆ 0 ಎಂದು ಕಾಣಿಸಿತು. ಪ್ರೋಟೋಬಫ್‌ನ ಪ್ರೋಟೋ3 ಆವೃತ್ತಿಯಲ್ಲಿ ತುಂಬದ ಸಂಖ್ಯೆ ಸೊನ್ನೆಯಾಗಿಯೇ ಬರುತ್ತದೆ. 'ಆಪ್ಷನಲ್' ಎಂದು ಬರೆದರೆ ಸರಿಹೋಗುತ್ತದೆ, ನಾನು ಬರೆದಿರಲಿಲ್ಲ. ಪರೀಕ್ಷೆಗೆಂದು ನೋಡುತ್ತಿದ್ದ ನಮ್ಮ ದೊಡ್ಡಪ್ಪ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ಜೊತೆಗೆ ಅಲ್ಲಿನ ಹೆಸರುಗಳಿಗೆ ಇಂಗ್ಲಿಷ್ ಅಕ್ಷರಗಳೇ ಬೇಕು.

ನೆಲೆ ನಿಂತದ್ದು ಜೇಸನ್-ಸ್ಕೀಮಾ-ಟು-ಟೈಪ್‌ಸ್ಕ್ರಿಪ್ಟ್. ಸ್ಕೀಮಾವನ್ನು ನಾವೇ ಕೂತು ಬರೆಯಬೇಕು, ಅದೇ ಅದರ ಕಷ್ಟ. 'ಅಡಿಷನಲ್ ಪ್ರಾಪರ್ಟೀಸ್' (ಸ್ಕೀಮಾದಲ್ಲಿಲ್ಲದ ಹೆಸರುಗಳಿಗೂ ಅನುಮತಿ) ಎಂಬುದನ್ನು ಫಾಲ್ಸ್ ಮಾಡದಿದ್ದರೆ ಯಾವ ಹೆಸರು ಬೇಕಾದರೂ ನಡೆಯುವಂಥ ಸಡಿಲ ಟೈಪ್ ಹುಟ್ಟುತ್ತದೆ. ನಾನು 'ಧಾರಣೆ'ಯನ್ನು 'ದಾರಣೆ' ಎಂದು ಬರೆದರೂ ಕಂಪೈಲರ್ ಸುಮ್ಮನಿತ್ತು, ತೆರೆಯ ಮೇಲೆ 'ಅನ್‌ಡಿಫೈನ್ಡ್' ಎಂದು ಬಂತು. ಇನ್ನು, ಟೈಪ್‌ಗಳು ಕಂಪೈಲ್ ಆದ ಮೇಲೆ ಉಳಿಯುವುದಿಲ್ಲ. ಬಂದ ದತ್ತಾಂಶದ ಪರೀಕ್ಷೆಗೆ ಅದೇ ಸ್ಕೀಮಾವನ್ನು ಎಜೆವಿ ಎಂಬ ಪರೀಕ್ಷಕ ತಂತ್ರಾಂಶಕ್ಕೆ ಕೊಟ್ಟಿದ್ದೇನೆ. ಇಷ್ಟೆಲ್ಲ ಸಹಿಸಿದ್ದಕ್ಕೆ ಕಾರಣ, ಬಗೆಗಳ ಪಟ್ಟಿಯನ್ನು ಕನ್ನಡದಲ್ಲೇ ಬರೆದೆ, ಅದು ಹಾಗೆಯೇ ಟೈಪ್‌ಗೆ ಇಳಿಯಿತು.

ಮೊನ್ನೆ ಆ ಸ್ಕೀಮಾ ಕಡತವನ್ನು ಮುದ್ರಿಸಿ ಮಂಡಿಯ ಗುಮಾಸ್ತರ ಕೈಗೆ ಕೊಟ್ಟೆ. ಬೆರಳಿಟ್ಟು ಕೆಳಗಿನವರೆಗೆ ಓದಿ, "ಬಿಳಿಗೋಟು ಎಲ್ಲಿ?" ಎಂದರು.